ಲ್ಯಾಪ್‌ಟಾಪಿಗೆ ಹೊಸ ಮೆಮೊರಿ, ಇನ್ಸಾಫಳಿಗೆ ಹೊಸ ಸಂಕಟ

ಇನ್ಸಾಫ್: ಬೇಡ ಅಂದ್ರೆ ಬೇಡ ರೀ! ನೆಟ್ಟಗಿರೋ ಲ್ಯಾಪ್‌ಟಾಪಿನ ಹೊಟ್ಟೆ ಬಗೀತಿದ್ದೀರಲ್ಲ, ನಿಮಗೇನು ಬಂದಿದೆ?

ವಗ್ದಿ: ಇದು ನೆಟ್ಟಗಿರೋದಾ? ಗುಂಡಿ ಒತ್ತಿ, ಚಹಾ ಮಾಡ್ಕೊಂಡು ಕುಡಿದು ಬಂದ್ರೂ ಎದ್ದಿರಲ್ಲ.

ಇನ್ಸಾಫ್: ಬೆಳಿಗ್ಗೆ ನೀವೂ ಹಾಗೇ ಏಳೋದು. ನಾನೇನು ನಿಮ್ಮ ಬೆನ್ನಿಗೆ ಸ್ಕ್ರೂಡ್ರೈವರ್ ಹಾಕಿದೀನಾ?

ತಾಂತಾ ಊರಿನಲ್ಲಿ ಶುಕ್ರವಾರದ ನಮಾಜು ಮುಗಿದಿತ್ತು. ನಿವೃತ್ತ ಭೂಗೋಳದ ಮೇಷ್ಟ್ರು ವಗ್ದಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪನ್ನು ಮಕಾಡೆ ಮಲಗಿಸಿ, ಸ್ಕ್ರೂಗಳನ್ನು ಬಿಚ್ಚಿ ಚಹಾದ ಸಾಸರಿಗೆ ಹಾಕುತ್ತಿದ್ದರು. ಹೆಂಡತಿ ಇನ್ಸಾಫ್ ಎದುರಿಗೆ ಕೂತು ಮುಲೂಖಿಯಾ ಸೊಪ್ಪು ಹೆಚ್ಚುತ್ತಿದ್ದಳು. ಸೊಪ್ಪಿನ ಮೇಲೆ ಅವಳಿಗೆ ಅಷ್ಟು ಸಿಟ್ಟೇನೂ ಇರಲಿಲ್ಲ, ಆದರೂ ಚಾಕು ಜೋರಾಗಿಯೇ ಬೀಳುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಅಲೆಕ್ಸಾಂಡ್ರಿಯಾದಿಂದ ವಗ್ದಿಯ ಅಕ್ಕ ತಫೀದಾ ವಿಡಿಯೋ ಕರೆ ಮಾಡುವವಳಿದ್ದಳು.

ವಗ್ದಿ: ನಮ್ಮಕ್ಕ ಪ್ರತಿ ವಾರ ಬಾಯಿಬಿಟ್ಟು, 'ನಿಮ್ಮ ಮಗಳು ನಿಹಾಲಳನ್ನ ನನ್ನ ಮಗ ಸಮೀಹ್‌ಗೆ ಕೊಡ್ತೀರಾ' ಅಂತ ಕೇಳ್ತಾಳೆ. ಸರಿಯಾಗಿ ಆಗಲೇ ನಿನ್ನ ಚಿತ್ರ ಕಲ್ಲಾಗಿ ಹೋಗುತ್ತಂತೆ. ಬಾಯಿ ತೆರೆದಿದ್ದು ತೆರೆದ ಹಾಗೇ! ನನಗೆ ಫೋನ್ ಮಾಡಿ ಬೈದಳು.

ಇನ್ಸಾಫ್: ನೀವು ಆ ಹೊತ್ತಿಗೆ ಸರಿಯಾಗಿ ಕಾಫಿ ಅಂಗಡಿಗೆ ಓಡಿರ್ತೀರಲ್ಲ, ಬೈಗಳಾದ್ರೂ ತಿನ್ನಿ.

ವಗ್ದಿ: ಅದಕ್ಕೇ ಇವತ್ತು ಮನೇಲಿದೀನಿ. ನಾಲ್ಕು ಜಿಬಿ ಮೆಮೊರಿ ತೆಗೆದು ಎಂಟು ಜಿಬಿ ಹಾಕ್ತೀನಿ. ಆಮೇಲೆ ಚಿತ್ರ ನಿಲ್ಲೋ ಮಾತೇ ಇಲ್ಲ.

ಅವರು ಎದ್ದು ಹೋಗಿ ಸಿಂಕಿನ ನಲ್ಲಿ ಮುಟ್ಟಿ ಬಂದರು.

ಇನ್ಸಾಫ್: ಕೈ ತೊಳೀದೆ ಬಂದ್ರಲ್ಲ?

ವಗ್ದಿ: ತೊಳೆಯೋಕಲ್ಲ. ಮೈಯಲ್ಲಿರೋ ಕರೆಂಟು ಇಳೀಲಿ ಅಂತ.

ಇನ್ಸಾಫ್: ನಿಮ್ಮ ಮೈಯಲ್ಲಿ ಕರೆಂಟಾ! ಒಂದು ಬಲ್ಬ್ ಬದಲಾಯಿಸಿ ಅಂದ್ರೆ ರಂಜಾನ್ ಬಂದು ಹೋಗುತ್ತೆ.

ವಗ್ದಿ ಹಳೆಯ ಮೆಮೊರಿ ಪಟ್ಟಿ ಎಳೆದು, ಹೊಸದನ್ನು ಓರೆಯಾಗಿ ತೂರಿಸಿ, ಮಲಗಿದ ಮಗುವಿಗೆ ಹೊದಿಸುವ ಹಾಗೆ ಮೆಲ್ಲಗೆ ಅದುಮಿದರು. ಮುಚ್ಚಳ ಹಾಕಿ ಗುಂಡಿ ಒತ್ತಿದರು. ತೆರೆ ಕಪ್ಪಗೇ ಉಳಿಯಿತು.

ಇನ್ಸಾಫ್: ಹೋಯ್ತಾ? ಅಯ್ಯೋ ಪಾಪ. ದೇವರ ಇಚ್ಛೆ. ಕೂತ್ಕೊಳ್ಳಿ, ಚಹಾಕ್ಕೆ ಪುದೀನ ಹಾಕಿ ಕೊಡ್ತೀನಿ.

ವಗ್ದಿ: ಲ್ಯಾಪ್‌ಟಾಪ್ ಸತ್ತರೆ ನಿನ್ನ ಮುಖದಲ್ಲಿ ಹಬ್ಬ ಯಾಕೆ?

ಮತ್ತೆ ಬಿಚ್ಚಿದರು. ಈ ಸಲ ಎರಡೂ ಹೆಬ್ಬೆರಳು ಊರಿ ಒತ್ತಿದಾಗ 'ಟಕ್' ಎಂದು ಕೊಂಡಿ ಕೂತಿತು. ಗುಂಡಿ ಒತ್ತಿ ಕೈ ತೆಗೆಯುವುದರೊಳಗೆ ತೆರೆ ಬೆಳಗಿತು. ಇನ್ಸಾಫಳ ಮುಖ ಆರಿತು.

ಇನ್ಸಾಫ್: ಮುಗೀತು. ಇನ್ನು ನಾನು ಏನಂತ ಹೇಳಲಿ?

ವಗ್ದಿ: ಯಾರಿಗೆ? ಏನನ್ನ?

ಇನ್ಸಾಫ್: ಮೊದಲನೇ ವಾರ ಅದೇ ನಿಂತಿತ್ತು ರೀ, ದೇವರಾಣೆ. ಆಮೇಲೆಲ್ಲ ನಿಂತಿದ್ದು ನಾನು.

ವಗ್ದಿ: ನೀನಾ? ಬಾಯಿ ತೆರೆದು? ಕಣ್ಣು ಮಿಟುಕಿಸದೆ?

ಇನ್ಸಾಫ್: ಕಣ್ಣಲ್ಲಿ ನೀರು ಬರೋ ತನಕ. ಇನ್ನೇನು ಮಾಡಲಿ? 'ಸಮೀಹ್ ನನಗೆ ತಮ್ಮನ ಹಾಗೆ, ಒಲ್ಲೆ' ಅಂತಾಳೆ ಮಗಳು. ನಿಮ್ಮಕ್ಕನಿಗೆ ಬೇಡ ಅನ್ನೋ ಬಾಯಿ ಈ ಮನೇಲಿ ಯಾರಿಗಿದೆ? ನಿಮಗಿದೆಯಾ?

ವಗ್ದಿ: ಅಮ್ಮ ಹೋದ ಮೇಲೆ ನನಗೆ ಅನ್ನ ಹಾಕಿ ಬೆಳೆಸಿದವಳು ಕಣೇ ಅವಳು.

ತಫೀದಾಳ ಮೇಲೆ ಇಬ್ಬರಿಗೂ ಪ್ರೀತಿಯಿತ್ತು, ಭಯ ಅದಕ್ಕಿಂತ ಒಂದು ಹಿಡಿ ಹೆಚ್ಚೇ ಇತ್ತು. ಅಷ್ಟರಲ್ಲಿ ಕರೆ ಬಂತು. ಚಹಾದ ಲೋಟ ಹಿಡಿದು ವಗ್ದಿ ಎದೆ ಸೆಟೆಸಿದರು.

ವಗ್ದಿ: ನೀನು ಆ ಕಡೆ ಸರಿ. ಮಗಳ ಬಾಳಿನ ಪ್ರಶ್ನೆ, ಇವತ್ತು ನಾನೇ ಹೇಳಿಬಿಡ್ತೀನಿ.

ತಫೀದಾ: ಅರೆ! ಎಷ್ಟು ಚೆನ್ನಾಗಿ ಕಾಣ್ತಿದ್ದೀಯೋ! ಮೂಗಿನ ಕೂದಲೂ ಎಣಿಸಬಹುದು.

ವಗ್ದಿ: ಎಂಟು ಜಿಬಿ ಅಕ್ಕ! ನಾನೇ ಕೈಯಾರೆ ಹಾಕಿದ್ದು. ಇನ್ನು ನಿಲ್ಲೋದೇ ಇಲ್ಲ.

ತಫೀದಾ: ಬಹಳ ಸಂತೋಷ. ಹಾಗಾದ್ರೆ ನೀನೇ ಹೇಳಿಬಿಡು. ನಿಹಾಲ್ ವಿಷಯ ಏನ್ಮಾಡಿದ್ರಿ?

ವಗ್ದಿಯ ಬಾಯಿ ತೆರೆಯಿತು. ತೆರೆದದ್ದು ತೆರೆದ ಹಾಗೇ ನಿಂತಿತು. ಲೋಟ ತುಟಿಗೆ ನಾಲ್ಕು ಬೆರಳು ದೂರದಲ್ಲಿ ಗಾಳಿಯಲ್ಲೇ ಉಳಿಯಿತು, ರೆಪ್ಪೆ ಅಲ್ಲಾಡಲಿಲ್ಲ. ಇನ್ಸಾಫ್ ಒಂದು ಗಳಿಗೆ ಗಂಡನನ್ನೇ ನೋಡಿದಳು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಅವಳಿಂದ ಕಲಿತ ಮೊದಲ ವಿದ್ಯೆ ಇದು.

ಇನ್ಸಾಫ್: ಅಕ್ಕಾ... ಹಾಳಾದ್ದು, ಮತ್ತೆ ನಿಂತೇ ಹೋಯ್ತು ನೋಡಿ.

ತಫೀದಾ: ನಿಂತಿರಲಿ ಬಿಡು ಇನ್ಸಾಫ್. ಅವನು ನಿಂತ, ಲೋಟ ನಿಂತಿತು. ಬೆನ್ನ ಹಿಂದಿನ ಫ್ಯಾನ್ ಮಾತ್ರ ಯಾಕೆ ಕತ್ತು ತಿರುಗಿಸ್ತಾ ಇದೆ?

ಇನ್ಸಾಫಳ ಕೈ ಮೆಲ್ಲಗೆ ಫ್ಯಾನಿನ ಸ್ವಿಚ್ಚಿನ ಕಡೆ ಹೋಯಿತು.

ತಫೀದಾ: ಆರಿಸಬೇಡ ಕಣೇ, ಪಾಪ, ಬೆವೀತಿದ್ದಾನೆ. ನನಗೆ ಗೊತ್ತಾಯ್ತು, ಸಮೀಹ್‌ಗೆ ಬೇರೆ ಕಡೆ ಹೆಣ್ಣು ನೋಡ್ತೀನಿ. ಆದ್ರೆ ಲೋ ವಗ್ದಿ, 'ಬೇಡ ಅಕ್ಕ' ಅನ್ನೋ ಎರಡು ಮಾತಿಗೆ ಎಂಟು ಜಿಬಿನೂ ಸಾಲಲಿಲ್ಲವೇನೋ?