ಮಿಕ್ಸಿಯೂ ಹುಳದ ಜ್ವರವೂ

ಹೆದರುವುದಕ್ಕೂ ಒಂದು ಯೋಗ್ಯತೆ ಬೇಕು. ಹಾವು, ಹುಚ್ಚುನಾಯಿ, ಮೇಲಧಿಕಾರಿ ಇವಕ್ಕೆಲ್ಲ ಯಾರು ಬೇಕಾದರೂ ಹೆದರುತ್ತಾರೆ, ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಚಟ್ನಿ ರುಬ್ಬುವ ಯಂತ್ರಕ್ಕೆ ಹೆದರುವುದಿದೆಯಲ್ಲ, ಅದಕ್ಕೆ ಹುಟ್ಟಿನಿಂದಲೇ ಬಂದ ಪ್ರತಿಭೆ ಇರಬೇಕು. ನನಗೆ ಅದು ಧಾರಾಳವಾಗಿದೆ.

ಎಂಬತ್ತರ ದಶಕದ ಕೊನೆಯ ಮಾತು. ನಾನು ಶಿಡ್ಲಘಟ್ಟದ ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. "ಒರಳಿನ ಮುಂದೆ ಕೂತೂ ಕೂತೂ ಸೊಂಟ ಬಿದ್ದೋಯ್ತು, ಒಂದು ಚಿಕ್ಕ ಮಿಕ್ಸಿ ತರಣ" ಎಂದು ಹೆಂಡತಿ ಸರೋಜ ಹಟ ಹಿಡಿದಳು. ಚಿಂತಾಮಣಿಯ ಅಂಗಡಿಗೆ ಹೋದೆವು. ಅಂಗಡಿಯವನು ದೊಡ್ಡದು, ಮಧ್ಯಮ, ಚಿಕ್ಕದು ಎಂದು ಸಾಲಾಗಿ ಇಟ್ಟ. ಎಲ್ಲಕ್ಕಿಂತ ಮೆಲ್ಲಗೆ ಕೂಗುವುದನ್ನು ಕೊಡಿ ಎಂದೆ. "ಚಿನ್ನದೇ ತೀಸ್ಕೋಂಡಿ ಸಾರ್" ಎಂದ. ತೆಲುಗಿನಲ್ಲಿ ಚಿಕ್ಕದಕ್ಕೆ ಹಾಗೆನ್ನುತ್ತಾರೆ. ಬೆಲೆ ಕೇಳಿದ ಮೇಲೆ ಅದು ಕನ್ನಡದ ಚಿನ್ನವೇ ಇರಬೇಕು ಅನಿಸಿತು. "ಮುಚ್ಚಳ ಗಟ್ಟಿಯಾಗಿ ಹಿಡ್ಕೊಳಿ, ಒಳಗೆ ಕೈ ಹಾಕ್ಬೇಡಿ, ಅಷ್ಟೇ" ಎಂದೂ ಸೇರಿಸಿದ. ಆ 'ಅಷ್ಟೇ' ಕೇಳಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಬೆರಳುಗಳನ್ನು ಮುಟ್ಟಿ ನೋಡಿಕೊಳ್ಳುತ್ತಾ ಬಂದೆ.

ನಾವಿದ್ದದ್ದು ಮುನಿವೆಂಕಟಮ್ಮ ಎಂಬವರ ಮನೆಯ ಹಿಂಭಾಗದಲ್ಲಿ, ಬಾಡಿಗೆಗೆ. ನಮ್ಮ ಅಡಿಗೆಮನೆಗೂ ಅವರು ರೇಷ್ಮೆ ಹುಳ ಸಾಕುವ ಕೋಣೆಗೂ ನಡುವೆ ಒಂದೇ ಗೋಡೆ. ಬಂದ ದಿನವೇ ಹೇಳಿಬಿಟ್ಟಿದ್ದರು: "ಹುಳ ಇರೋವಾಗ ಊದುಬತ್ತಿ ಹಚ್ಚಂಗಿಲ್ಲ, ಬೀಡಿ ಸೇದಂಗಿಲ್ಲ, ಪೌಡರ್ ಬಳ್ಕೊಂಡು ಈ ಕಡೆ ಬರಂಗಿಲ್ಲ." ನನ್ನ ಮುಖಕ್ಕೆ ಪೌಡರಿನಿಂದ ಅಂಥ ಉಪಕಾರವೇನೂ ಆಗುತ್ತಿರಲಿಲ್ಲವಾದ್ದರಿಂದ ಒಪ್ಪಿಕೊಂಡೆ. ಹಿಂದಿನ ಬೆಳೆಗೆ ರೋಗ ತಗುಲಿ ಹುಳವೆಲ್ಲ ತಿಪ್ಪೆ ಸೇರಿತ್ತು. ಈ ಸಲದ ಗೂಡು ಮಾರಿ, ಸೋರುವ ಹೆಂಚು ಬದಲಿಸಬೇಕೆಂದು ಆ ಒಂಟಿ ಹೆಂಗಸು ಕಾದಿದ್ದರು. ಗೌರಿಬಿದನೂರಿನ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದ ನನಗಾಗಲಿ ಸರೋಜಳಿಗಾಗಲಿ ರೇಷ್ಮೆಯೆಂದರೆ ಮದುವೆಯ ಸೀರೆಯಷ್ಟೇ ಗೊತ್ತು.

ಭಾನುವಾರ ಬೆಳಗ್ಗೆ ಮಿಕ್ಸಿಗೆ ಕುಂಕುಮ ಇಟ್ಟೆವು. "ಮುಚ್ಚಳ ನೀವು ಹಿಡ್ಕೊಳ್ರೀ, ಗಂಡಸ್ರ ಕೈ ಭದ್ರ" ಎಂದಳು ಸರೋಜ. ಮದುವೆಯಾಗಿ ಅಷ್ಟು ವರ್ಷವಾದರೂ ಅವಳಿಗೆ ನನ್ನ ಬಗ್ಗೆ ಇಂಥ ಭ್ರಮೆಗಳು ಉಳಿದಿದ್ದವು. ಒಂದು ಕೈ ಮುಚ್ಚಳದ ಮೇಲಿಟ್ಟು, ಇನ್ನೊಂದರಲ್ಲಿ ಬಾಗಿಲು ಹಿಡಿದು, ಓಡುವುದಕ್ಕೆ ಅನುಕೂಲವಾಗುವಂತೆ ನಿಂತೆ. ಅವಳು ಗುಂಡಿ ತಿರುಗಿಸಿದಳು. ಅಷ್ಟು ಪುಟ್ಟ ದೇಹದಿಂದ ಅಂಥ ಅರಚಾಟ ಹೊರಟೀತೆಂದು ಯಾರು ತಾನೇ ಊಹಿಸುತ್ತಾರೆ? ನನ್ನ ಕೈ ತಾನಾಗಿ ಮೇಲೆದ್ದಿತು, ಮುಚ್ಚಳ ಹಾರಿತು, ಚಟ್ನಿ ಸೂರು ಮುಟ್ಟಿತು. ಇಬ್ಬರೂ ಮುಖ ಒರಸಿಕೊಳ್ಳುತ್ತಿರುವಾಗಲೇ ಗೋಡೆಯಾಚೆ ಮುನಿವೆಂಕಟಮ್ಮ ಕೂಲಿಯವಳಿಗೆ ಕೂಗಿ ಹೇಳಿದ್ದು ಕೇಳಿಸಿತು: "ಸೊಪ್ಪು ತರಬೇಡ ಕಣೇ, ಹುಳ ಎಲ್ಲಾ ಜ್ವರಕ್ಕೆ ಕೂತವೆ!"

ಇದು ನಮ್ಮ ಮಿಕ್ಸಿಯದೇ ಕೆಲಸ ಎಂದುಕೊಂಡೆ. ಹೋಗಿ ಅವರ ಕಿಟಕಿಯಲ್ಲಿ ಇಣುಕಿದೆ. ತಟ್ಟೆಗಳ ತುಂಬ ಹುಳ, ಒಂದೂ ಮಿಸುಕುತ್ತಿಲ್ಲ. ಎಲ್ಲವೂ ತಲೆ ಮೇಲೆತ್ತಿಕೊಂಡು ನಮ್ಮ ಅಡಿಗೆಮನೆಯನ್ನೇ ಆಲಿಸುವಂತೆ ಕೂತಿದ್ದವು. "ಹುಳಕ್ಕೆ ಕಿವಿ ಇರ್ತದೇನ್ರೀ?" ಎಂದು ಸರೋಜ ಕೇಳಿದಳು. ಬೆಚ್ಚಿ ಬಿದ್ದು ಜ್ವರ ಬರುವುದಕ್ಕೆ ಕಿವಿ ಯಾಕೆ? ಚಿಕ್ಕಂದಿನಲ್ಲಿ ಪಟಾಕಿ ಹೊಡೆದ ಮಾರನೆಯ ದಿನ ನನಗೆ ತಪ್ಪದೆ ಜ್ವರ ಬರುತ್ತಿತ್ತು, ಅಜ್ಜಿ ತಾಯಿತ ಕಟ್ಟಿಸಿದ್ದಳು. ಅಷ್ಟು ಹುಳಕ್ಕೆ ತಾಯಿತ ಕಟ್ಟುವುದು ಯಾರು? ಮಿಕ್ಸಿಯನ್ನು ಕಂಬಳಿಯಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದೆವು. ಆ ದಿನವೆಲ್ಲ ಸಂಸಾರ ಪಿಸುಮಾತಿನಲ್ಲೇ ನಡೆಯಿತು. ಕೆಮ್ಮು ಬಂದರೆ ಬೀದಿಗೆ ಹೋಗಿ ಕೆಮ್ಮಿ ಬರುತ್ತಿದ್ದೆ. ಆ ತಾಯಿಯ ಬೆಳೆ ನಮ್ಮ ಒಂದು ಬಟ್ಟಲು ಚಟ್ನಿಗೆ ಹೋಯಿತಲ್ಲ ಎಂದು ನೆನೆದು ನಿಜವಾಗಿಯೂ ಕಣ್ಣಲ್ಲಿ ನೀರು ಬಂತು.

ಮಾರನೆಯ ಬೆಳಗ್ಗೆ ತಡೆಯಲಾರದೆ ಅವರ ಮುಂದೆ ಹೋಗಿ ನಿಂತೆ. ಹಿಂದೆ ಸರೋಜ. "ಅಮ್ಮ, ತಪ್ಪಾಯ್ತು. ನಮ್ಮ ಮಿಕ್ಸಿ ಸದ್ದಿಗೇ ನಿಮ್ಮ ಹುಳಕ್ಕೆ ಜ್ವರ ಬಂದಿರೋದು. ಯಾರಾದ್ರೂ ಡಾಕ್ಟರನ್ನ ಕರೆಸಣ, ಖರ್ಚು ನಂದು."

ಅವರು ನನ್ನನ್ನು ನೋಡಿದರು, ಸರೋಜಳನ್ನು ನೋಡಿದರು, ಸೊಪ್ಪಿನ ಬುಟ್ಟಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ರಾಮ! ಅದು ಕಾಯಿಲೆ ಅಲ್ಲ ಕಣಪ್ಪ. ಪೊರೆ ಬಿಡೋ ಮುಂಚೆ ಮೇವು ಬಿಟ್ಟು, ತಲೆ ಎತ್ಕೊಂಡು ಸುಮ್ಕೆ ಕೂತ್ಕೊಂತವೆ. ಅದಕ್ಕೇ ನಮ್ಮ ಕಡೆ ಜ್ವರ ಅಂತೀವಿ. ಜ್ವರಕ್ಕೆ ಕೂರ್ದಿದ್ರೆ ಹುಳ ಬೆಳೆಯೋದು ಹೆಂಗೆ? ನೋಡಲ್ಲಿ, ಎದ್ದವೆ."

ಹುಳಗಳು ಹೊಸ ಸೊಪ್ಪನ್ನು ಕರಕರ ಮೇಯುತ್ತಿದ್ದವು. ಅವಕ್ಕೆ ಕೈಮುಗಿಯುವಷ್ಟು ಸಂತೋಷವಾಯಿತು. ತಿರುಗಿ ನೋಡಿದರೆ ಸರೋಜ ಇಲ್ಲ. ನಮ್ಮ ಮನೆಯೊಳಗಿಂದ ಮಂಚ ಎಳೆಯುವ ಸದ್ದು ಬಂತು. "ರೀ, ಬನ್ನಿ, ಮುಚ್ಚಳ ಹಿಡ್ಕೊಳಿ!" ನಿನ್ನೆಯಿಂದ ಆ ಹುಳಗಳು ನನ್ನನ್ನು ಎಂಥ ಕಷ್ಟದಿಂದ ಕಾಪಾಡಿದ್ದವು ಎಂಬುದು ಆಗ ಹೊಳೆಯಿತು.

ಮುನಿವೆಂಕಟಮ್ಮನವರೂ ಯಂತ್ರ ನೋಡಲು ಜೊತೆಗೇ ಬಂದರು. ಈ ಸಲ ಎರಡೂ ಕೈಯಲ್ಲಿ ಮುಚ್ಚಳ ಅದುಮಿ, ಕಣ್ಣು ಮುಚ್ಚಿ, ಮುಖಕ್ಕೆ ಚಟ್ನಿ ಸಿಡಿಯದಿರಲೆಂದು ತಲೆಯನ್ನು ಆದಷ್ಟು ಮೇಲೆತ್ತಿ, ಉಸಿರು ಬಿಗಿಹಿಡಿದು ನಿಂತೆ. ಮಿಕ್ಸಿ ಅರಚಿ ನಿಂತ ಮೇಲೂ ನಾನು ಮಿಸುಕಲಿಲ್ಲ. ಅವರ ಮಾತು ಮಾತ್ರ ಕಿವಿಗೆ ಬಿತ್ತು.

"ಸರೋಜಮ್ಮ, ಇವತ್ತು ನಿಮ್ಮ ಯಜಮಾನ್ರಿಗೆ ತಿಂಡಿ ಹಾಕಬೇಡ ಕಣಮ್ಮ. ಜ್ವರಕ್ಕೆ ಕೂತವ್ರೆ."

ಹುಳಗಳಿಗಾದರೆ ಅದು ಒಂದೇ ದಿನಕ್ಕೆ ಬಿಡುತ್ತದಂತೆ.