ತ್ರಿವಿಕ್ರಮನಿಗೆ ಕುಜದೋಷವಿಲ್ಲ

ಬುಧವಾರ ಬೆಳಿಗ್ಗೆ ಕಾಫಿ ಆರುವುದರೊಳಗೆ ತ್ರಿವಿಕ್ರಮ ಹೊಸ ಕೆಲಸಕ್ಕೆ ಅರ್ಜಿ ಹಾಕಿ ಮುಗಿಸಿದ. ಲೋಟ ಖಾಲಿಯಾಗುವುದರೊಳಗೆ ತಾನು ಕಳಿಸಿದ್ದು ಏನನ್ನು ಎಂಬುದೂ ತಿಳಿಯಿತು.

ಅವನ ಮೊಬೈಲಿನಲ್ಲಿ ಎರಡು ಫೈಲುಗಳಿದ್ದವು. ಒಂದು, ಯಲಹಂಕದ ಟೈಲ್ಸ್ ಅಂಗಡಿಯಲ್ಲಿ ಲೆಕ್ಕ ಬರೆದು ಸವೆದ ವರ್ಷಗಳನ್ನು ಚಂದದ ಇಂಗ್ಲಿಷಿನಲ್ಲಿ ಹೊಗಳಿದ್ದ ರೆಸ್ಯೂಮೆ. ಇನ್ನೊಂದು, ಹೆಣ್ಣಿನ ಕಡೆಯವರಿಗೆ ಕಳಿಸಲೆಂದು ಸೋದರತ್ತೆ ಕೃಷ್ಣವೇಣಮ್ಮ ಮಾಡಿಸಿದ್ದ ಮದುವೆಯ ಬಯೋಡೇಟಾ. ಮೂಲೆಯಲ್ಲಿ ಗಣಪತಿ, ನಡುವೆ ರೇಷ್ಮೆ ಪಂಚೆ ಉಟ್ಟ ತ್ರಿವಿಕ್ರಮ, ಕೆಳಗೆ ಗೋತ್ರ, ನಕ್ಷತ್ರ, ‘ದುಶ್ಚಟಗಳಿಲ್ಲ’, ‘ಕುಜದೋಷವಿಲ್ಲ’. ನಿರೀಕ್ಷೆ ಎಂಬಲ್ಲಿ ‘ಮೃದು ಸ್ವಭಾವ, ಹಿರಿಯರಲ್ಲಿ ಗೌರವ, ದೇವರನಾಮ ಹಾಡಲು ಬಂದರೆ ಸಂತೋಷ’. ಕೊನೆಯಲ್ಲಿ ಅತ್ತೆಯ ಫೋನ್ ನಂಬರು. ಹುಣಸಮಾರನಹಳ್ಳಿಯ ಬಿಲ್ಡರ್ ಲಕ್ಕಣ್ಣನವರ ಆಫೀಸಿನ ಅಕೌಂಟ್ಸ್ ಮ್ಯಾನೇಜರ್ ಹುದ್ದೆಗೆ ಹೋಗಿದ್ದು ಈ ಎರಡನೆಯದು.

ಗಾಬರಿಯಿಂದ ಮತ್ತೆ ಅರ್ಜಿ ತೆರೆದರೆ, ‘ನೀವು ಈಗಾಗಲೇ ಅರ್ಜಿ ಸಲ್ಲಿಸಿದ್ದೀರಿ, ಧನ್ಯವಾದಗಳು’ ಎಂದು ಬಂತು. ಅದರ ಧನ್ಯವಾದಕ್ಕೆ ಬೆಂಕಿ ಬೀಳಲಿ ಎಂದುಕೊಂಡ.

ಹೋದರೆ ಹೋಗಲಿ ಎಂದು ಬಿಡುವ ಕೆಲಸವೂ ಅದಲ್ಲ. ಅಲ್ಲಾಳಸಂದ್ರದ ಸೌಜನ್ಯಳನ್ನು ನೋಡಿ ಬಂದಾಗಿನಿಂದ ಅವನಿಗೆ ಬೇರೆ ಹುಡುಗಿಯೇ ಕಣ್ಣಿಗೆ ಬೀಳುತ್ತಿರಲಿಲ್ಲ. ಉಪ್ಪಿಟ್ಟಿನ ತಟ್ಟೆ ಕೊಡುವಾಗ ಅವಳೂ ನಕ್ಕಿದ್ದಳು. ಅವಳ ಅಪ್ಪ ಮಾತ್ರ ನಕ್ಕಿರಲಿಲ್ಲ. “ಟೈಲ್ಸ್ ಅಂಗಡಿ ಗುಮಾಸ್ತನಿಗೆ ಹುಡುಗಿ ಕೊಡೋಕಾಗಲ್ಲ ಕಣ್ರೀ. ಮ್ಯಾನೇಜರ್ ಕೆಲಸ ಸಿಕ್ಕಿದ ದಿನ ಬನ್ನಿ, ಅವತ್ತೇ ತಾಂಬೂಲ ಬದಲಾಯಿಸೋಣ” ಎಂದಿದ್ದರು. ಬರುವ ಭಾನುವಾರ ಇನ್ನೊಬ್ಬ ಗಂಡು ಅವಳನ್ನು ನೋಡಲು ಬರುವವನಿದ್ದ.

ಆಫೀಸಿಗೇ ಫೋನ್ ಮಾಡಿ ತಪ್ಪೊಪ್ಪಿಕೊಳ್ಳೋಣವೆಂದರೆ ಲೈನು ಎಂಗೇಜು. ಎಂಗೇಜಾಗದೆ ಏನು ಮಾಡೀತು? ಅಡುಗೆಮನೆಯಲ್ಲಿ ಅತ್ತೆ ಅವರೊಡನೆಯೇ ಮಾತನಾಡುತ್ತಿದ್ದಳು.

“ಹುಣಸಮಾರನಹಳ್ಳಿಯಿಂದ್ಲಾ? ಬಯೋಡೇಟಾ ನೋಡಿದ್ರಾ? ಹಿಡಿಸ್ತಾ? ಸಂತೋಷ ಕಣಮ್ಮ. ನಿಮ್ಮದು ಯಾವ ಗೋತ್ರ?”

ಆ ಕಡೆಯಿಂದ ರಿಸೆಪ್ಷನಿಸ್ಟ್ ಮೋನಿಕಾ, “ಗೋತ್ರ ಗೊತ್ತಿಲ್ಲ ಮೇಡಂ, ಇದು ಬಿಲ್ಡರ್ಸು. ಸಾರ್ ಇವತ್ತೇ ಬಂದು ನೋಡೋಕೆ ಹೇಳಿದ್ರು” ಎಂದಳು.

“ಬಿಲ್ಡರ್ಸಾ! ಏನೂ ಪರವಾಗಿಲ್ಲ. ಹನ್ನೆರಡಕ್ಕೆ ರಾಹುಕಾಲ. ಅಷ್ಟರೊಳಗೆ ಮನೇವ್ರೆಲ್ಲ ಬಂದ್ಬಿಡ್ತೀವಿ.”

ತ್ರಿವಿಕ್ರಮ ತಲೆ ಚಚ್ಚಿಕೊಂಡು ವಿಷಯ ತಿಳಿಸಿದ. ಅತ್ತೆ ಅರೆಗಳಿಗೆ ಯೋಚಿಸಿ, “ಕರೆದಿರೋದು ನನ್ನನ್ನ. ನಾನು ಬರದೆ ನೀನೊಬ್ಬನೇ ಹೋದ್ರೆ ಏನಂದ್ಕೋತಾರೆ?” ಎಂದು ಜರಿಸೀರೆ ಹುಡುಕತೊಡಗಿದಳು.

ಅಷ್ಟರಲ್ಲಿ ಕೆಳಗಿನಿಂದ ಮನೆ ಓನರ್ ಲಕ್ಷ್ಮಿದೇವಮ್ಮ ಮೆಟ್ಟಿಲು ಹತ್ತಿ ಬಂದರು. ಬಾಡಿಗೆದಾರರ ಮನೆಯಲ್ಲಿ ಪಿಸುಮಾತಾದರೂ ಅವರಿಗೆ ಕೇಳಿಸುತ್ತದೆ, ನಲ್ಲಿ ಸೋರುತ್ತಿದೆ ಎಂದು ಕೂಗಿದರೆ ಮಾತ್ರ ಕೇಳಿಸುವುದಿಲ್ಲ. “ಲಕ್ಕಣ್ಣನ ಆಪೀಸಾ? ಅವ್ನು ನಮ್ ದೊಡ್ಡಮ್ಮನ ಮಗ ಕಣಮ್ಮ. ನಾನೇ ಕರ್ಕಂಡೋಗ್ತೀನಿ ನಡೀರಿ. ಬರೀ ಕೈನಾಗೆ ಓಗ್ಬಾರ್ದು, ಅಣ್ಣು ತಗಳಿ” ಎಂದರು.

ಹೀಗಾಗಿ ಅಂಗಡಿಗೆ ಹೊಟ್ಟೆನೋವೆಂದು ಸುಳ್ಳು ಹೇಳಿದ ತ್ರಿವಿಕ್ರಮ, ಎರಡು ಜರಿಸೀರೆಗಳ ನಡುವೆ ಆಟೋದಲ್ಲಿ ಒತ್ತರಿಸಿ ಕುಳಿತು, ತೊಡೆಯ ಮೇಲೆ ಹಣ್ಣಿನ ತಟ್ಟೆ ಇಟ್ಟುಕೊಂಡು, ಏರ್‌ಪೋರ್ಟ್ ರಸ್ತೆಯಲ್ಲಿ ಇಂಟರ್‌ವ್ಯೂಗೆ ಹೊರಟ. ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನವನು ಇಣುಕಿ, “ಆಲ್ ದಿ ಬೆಸ್ಟ್ ಗುರು, ಹುಡುಗಿ ಚೆನ್ನಾಗಿರ್ಲಿ” ಎಂದು ಹರಸಿದ.

ಆಫೀಸಿನಲ್ಲಿ ಲಕ್ಕಣ್ಣನವರು ಬಯೋಡೇಟಾದ ಪ್ರಿಂಟು ಹಿಡಿದೇ ಕುಳಿತಿದ್ದರು. ಒಂದು ಕಾಲದಲ್ಲಿ ತಾವು ರಾಗಿ ಬೆಳೆದ ಹೊಲದಲ್ಲೇ ಈಗ ಅಪಾರ್ಟ್‌ಮೆಂಟ್ ಬೆಳೆಯುತ್ತಿದ್ದ ಮನುಷ್ಯ. ಅಕ್ಕ ಲಕ್ಷ್ಮಿದೇವಮ್ಮನನ್ನು ಕಂಡು ಎದ್ದು ಕುರ್ಚಿ ಹಾಕಿಸಿದರು.

“ಸಾರ್, ಅದು ತಪ್ಪಾಗಿ ಬಂದಿರೋ ಫೈಲು. ನನ್ನ ನಿಜವಾದ ರೆಸ್ಯೂಮೆ...” ಎಂದು ತ್ರಿವಿಕ್ರಮ ಶುರುಮಾಡಿದ.

“ತಪ್ಪೇನ್ ಬಂತಪ್ಪ? ಮಿಕ್ಕೋರೆಲ್ಲ ಇಂಗ್ಲೀಸ್ನಾಗೆ ಏನೇನೋ ಬರ್ದವ್ರೆ. ನಂಗೆ ಅರ್ಥ ಆಗಿದ್ದು ಇದೊಂದೇಯ. ಒಳ್ಳೆ ಮನೆತನ. ಕುಡಿಯಲ್ಲ, ಸೇದಲ್ಲ. ಕುಜದೋಸ ಇಲ್ಲ. ಮೊದ್ಲಿದ್ದ ಮ್ಯಾನೇಜರ್‌ನ ಇದೆಲ್ಲ ಕೇಳ್ದೆ ತಗಂಡು ಕೆಟ್ಟೆ ನಾನು.”

ತ್ರಿವಿಕ್ರಮನಿಗೆ ಹೋದ ಜೀವ ಬಂದಂತಾಯಿತು. ಹಣ್ಣಿನ ತಟ್ಟೆಯನ್ನು ಮೇಜಿನ ಮೇಲಿಟ್ಟು ಮುಖ ಒರೆಸಿಕೊಂಡ.

“ಆದ್ರೆ ಒಂದ್ ತೊಡಕೈತೆ” ಎಂದರು ಲಕ್ಕಣ್ಣ. “ಮದ್ವೆ ಆಗಿಲ್ಲ ನಿಂಗೆ. ಒಂಟಿ ಗಂಡ್ಮಕ್ಳನ್ನ ಇಟ್ಕಂಡು ಸಾಕಾಗೋಯ್ತು. ಒಬ್ಬ ದುಬೈಗೋದ. ಇನ್ನೊಬ್ಬ ಗೋವಾಗೋದೋನು ಬರ್ನೇ ಇಲ್ಲ. ಎಂಡ್ತಿ ಮಕ್ಳು ಇದ್ದೋನಾದ್ರೆ ಬೈದ್ರೂ ಇಲ್ಲೇ ಬಿದ್ದಿರ್ತಾನೆ. ಲಗ್ನಪತ್ರಿಕೆ ತಂದು ತೋರ್ಸು, ಕೆಲ್ಸ ನಿಂದು.”

“ಸಾರ್, ಹುಡುಗಿ ಮನೆಯವರು ಕೆಲಸ ಸಿಕ್ಕಿದ್ರೆ ಹುಡುಗಿ ಕೊಡ್ತೀವಿ ಅಂತಿದಾರೆ.”

“ಉಡ್ಗಿ ಸಿಕ್ರೆ ನಾನು ಕೆಲ್ಸ ಕೊಡ್ತೀನಿ. ಅವ್ರು ಅನ್ನೋದೂ ನ್ಯಾಯವಾಗೇ ಐತೆ.”

ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯನ್ನು ಯಾರೋ ತನ್ನ ಅಳತೆ ತೆಗೆದೇ ಹೊಲಿದಿದ್ದಾರೆ ಎಂದು ತ್ರಿವಿಕ್ರಮನಿಗೆ ಅನಿಸಿತು. ಅವನು ಬಾಯಿ ತೆರೆಯುವ ಮೊದಲೇ ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಸಂಬಂಧ ಕುದುರಿಸುವುದರಲ್ಲಿ ಅವಳು ಇಡೀ ಯಲಹಂಕಕ್ಕೆ ಹೆಸರಾದವಳು, ಒಂದು ಕೆಲಸಕ್ಕೆ ಸೋಲುವಳೇ?

“ಹುಡುಗಿ ಗೊತ್ತಾಗಿ ಹೋಗಿದಾಳೆ ಅಂತ್ಲೇ ಇಟ್ಕೊಳ್ಳಿ ಸಾರ್. ಎಂಥಾ ಹುಡುಗಿ ಅಂತೀರಿ! ಎಂ.ಕಾಂ. ಫಸ್ಟ್ ಕ್ಲಾಸು. ಆಡಿಟರ್ ಆಫೀಸಲ್ಲಿ ಪಳಗಿದ ಕೈ. ಜಿಎಸ್‌ಟಿ ಅಂದ್ರೆ ನಮ್ಗೆ ಸಾರಿನಪುಡಿ ಇದ್ದಂಗೆ ಅವಳಿಗೆ. ಇವನಿಗೇ ಹೇಳಿಕೊಟ್ಟಾಳು!”

“ಅತ್ತೆ, ಸಾಕು” ಎಂದ ತ್ರಿವಿಕ್ರಮ.

“ನೀನ್ ಸುಮ್ನಿರೋ. ಮೊದಲಿದ್ದ ಆಫೀಸು ಮುಚ್ಚಿ ಈಗ ಮನೇಲೇ ಇದಾಳೆ ಸಾರ್.”

“ಸ್ವಂತ ಮನೆ ಕಣ್ಲಾ, ಅಲ್ಲಾಳಸಂದ್ರದಾಗೆ” ಎಂದು ಲಕ್ಷ್ಮಿದೇವಮ್ಮ ದನಿಗೂಡಿಸಿದರು. “ಎಲ್ಲಿಗೂ ಓಡೋಗೋರಲ್ಲ.”

ಲಕ್ಕಣ್ಣನವರು ಬಯೋಡೇಟಾವನ್ನು ನಿಧಾನವಾಗಿ ಕೆಳಗಿಟ್ಟರು. “ಆ ಉಡ್ಗಿ ನಂಬರ್ ಐತೇನಮ್ಮ?”

ಅತ್ತೆ ಹೆಮ್ಮೆಯಿಂದ ನಂಬರು ಕೊಟ್ಟಳು. ಮೋನಿಕಾ ಫೋನ್ ಮಾಡಿದಳು. ಊಟದ ಹೊತ್ತಿಗೆ ಸೌಜನ್ಯ ಸ್ಕೂಟರಿನಲ್ಲಿ ಬಂದಿಳಿದು, ಲಕ್ಕಣ್ಣನವರು ಮುಂದಿಟ್ಟ ಬಿಲ್ಲುಗಳ ರಾಶಿಯಲ್ಲಿ ಹಿಂದಿನ ಮ್ಯಾನೇಜರ್ ಮಾಡಿದ್ದ ತಪ್ಪುಗಳನ್ನು ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸಿಟ್ಟಳು. ಕೆಲಸ ಅಲ್ಲೇ ಗಟ್ಟಿಯಾಯಿತು, ಅಂದಿನಿಂದಲೇ ಶುರು.

“ಸಾರ್, ಇವರಿಗೂ ಮದುವೆ ಆಗಿಲ್ವಲ್ಲ?” ಎಂದು ತ್ರಿವಿಕ್ರಮ ಕ್ಷೀಣಸ್ವರದಲ್ಲಿ ಕೇಳಿದ.

“ಎಣ್ಮಗ ಗೋವಾಗೆ ಓಗಲ್ಲ ಬುಡಪ್ಪ” ಎಂದರು ಲಕ್ಕಣ್ಣ.

ಸೌಜನ್ಯ ಹೊರಗೆ ಬಂದು ತುಂಬುಕಣ್ಣಿನಿಂದ, “ನಿಮಗೇ ಸಿಗ್ತಿದ್ದ ಕೆಲಸ ನನಗೆ ಕೊಡಿಸಿದ್ರಂತೆ. ಎಷ್ಟು ದೊಡ್ಡ ಮನಸ್ಸು ರೀ ನಿಮ್ಮದು” ಎಂದಳು. ಅವನು ದೊಡ್ಡ ಮನಸ್ಸಿನವನಂತೆಯೇ ತಲೆಯಾಡಿಸಿದ. ಹೇಗೂ ಇವಳೇ ತಾನೆ ಮನೆಗೆ ಬರುವವಳು ಎಂದು ಸಮಾಧಾನ ಮಾಡಿಕೊಂಡ. ಅತ್ತೆಯಂತೂ ವಾಪಸು ಬರುವ ದಾರಿಯುದ್ದಕ್ಕೂ ಫೋನಿನಲ್ಲಿ ಛತ್ರದ ಬಾಡಿಗೆ ವಿಚಾರಿಸಿದಳು.

ಸಂಜೆ ಸೌಜನ್ಯಳ ಅಪ್ಪ ಫೋನ್ ಮಾಡಿದರು. ಮೊದಲು ಬಾಯ್ತುಂಬ ಥ್ಯಾಂಕ್ಸ್ ಹೇಳಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, “ನೋಡಪ್ಪಾ ತ್ರಿವಿಕ್ರಮ, ಈಗ ಹುಡುಗಿ ಮ್ಯಾನೇಜರು. ಹುಡುಗ ಗುಮಾಸ್ತ ಅಂದ್ರೆ ಜನ ಏನಂತಾರೆ? ಅವಳಿಗಿಂತ ದೊಡ್ಡ ಕೆಲಸ ಸಿಕ್ಕಿದ್ಮೇಲೆ ಹೇಳು, ಮಾತಾಡೋಣ. ಭಾನುವಾರದವರು ಹೇಗೂ ಬರ್ತಿದಾರೆ” ಎಂದು ಫೋನ್ ಇಟ್ಟರು.

ಆ ಫೋನು ಕೈಯಲ್ಲಿರುವಾಗಲೇ ಒಂದು ಮೇಲ್ ಬಂತು. ಆಯ್ಕೆಯಾಗದ ಅಭ್ಯರ್ಥಿಗಳಿಗೆಲ್ಲ ಲಕ್ಕಣ್ಣನವರ ಆಫೀಸು ಕಳಿಸಿದ್ದು. ‘ತಮ್ಮ ವಿವರಗಳನ್ನು ಪರಿಶೀಲಿಸಿದ್ದೇವೆ. ತಮಗಿಂತ ಸೂಕ್ತರಾದವರು ದೊರೆತಿರುವುದರಿಂದ ವಿಷಾದಿಸುತ್ತೇವೆ. ತಮ್ಮ ಮುಂದಿನ ಹುಡುಕಾಟಕ್ಕೆ ಶುಭಾಶಯಗಳು.’ ಕೆಳಗೆ ಸಹಿ: ಸೌಜನ್ಯ, ಅಕೌಂಟ್ಸ್ ಮ್ಯಾನೇಜರ್.

ಅತ್ತೆ ಕನ್ನಡಕ ಏರಿಸಿಕೊಂಡು ಎರಡೆರಡು ಸಲ ಓದಿದಳು.

“ಇದು ಕೆಲಸಕ್ಕೆ ಹೇಳಿರೋದೋ, ಸಂಬಂಧಕ್ಕೋ?”

“ನಾವು ಹಾಕಿದ್ದು ಒಂದೇ ಅರ್ಜಿ ಅತ್ತೆ” ಎಂದ ತ್ರಿವಿಕ್ರಮ. “ಎರಡಕ್ಕೂ ಸೇರಿಸಿ ಹೇಳಿದಾಳೆ.”