ಆಪತ್ತಿಗಾದ ಪಿಕಪ್

ಮುಂಜಾಗ್ರತೆ ಇಲ್ಲದ ಮನೆಗೆ ಆಪತ್ತು ಯಾವಾಗಲೋ ಒಮ್ಮೆ ಬರುತ್ತದೆ. ಮುಂಜಾಗ್ರತೆ ಇರುವ ಮನೆಗೆ ವಾರಕ್ಕೊಮ್ಮೆ ಬರುತ್ತದೆ. ಇದು ಎಲ್ಲೋ ಓದಿದ್ದಲ್ಲ, ನಮ್ಮ ಮನೆಯವರ ಜೊತೆ ಸಂಸಾರ ಮಾಡಿ ಕಲಿತದ್ದು.

ಜರ್ಮನಿಯವರು ಕಂಪ್ಯೂಟರ್ ಬಲ್ಲವರನ್ನು ಕರೆಕರೆದು ಗ್ರೀನ್ ಕಾರ್ಡ್ ಕೊಡುತ್ತಿದ್ದ ವರ್ಷಗಳವು. ಚಿಪ್ ವಿನ್ಯಾಸ ಮಾಡುವ ನಮ್ಮ ಮನೆಯವರಿಗೂ ಒಂದು ಸಿಕ್ಕಿತು. ಹುಬ್ಬಳ್ಳಿ ಬಿಟ್ಟು ಮ್ಯೂನಿಕ್ ಪಕ್ಕದ ನೊಯ್‌ಬಿಬರ್ಗ್‌ನಲ್ಲಿ ಮನೆ ಮಾಡಿದೆವು. ಮಗಳಿಗೆ ಆಗ ನಾಲ್ಕು ವರ್ಷ.

ಮೊದಲ ಚಳಿಗಾಲದಲ್ಲೇ ಒಂದು ಮಧ್ಯಾಹ್ನ ಔಟೋಬಾನ್ ಹೆದ್ದಾರಿ ಮೇಲೆ ಹಿಮ ಬಿದ್ದು, ಮುಂದೆಲ್ಲೋ ಲಾರಿ ಅಡ್ಡ ನಿಂತು, ಐದು ತಾಸು ಸಿಕ್ಕಿಕೊಂಡೆವು. ನಮ್ಮ ಪುಟ್ಟ ಕಾರಿನಲ್ಲಿದ್ದದ್ದು ಅರ್ಧ ಪುಡಿಕೆ ಬಿಸ್ಕತ್ತು ಮತ್ತು ಒಂದು ಒದ್ದೆ ಕೊಡೆ. ಮುಂದಿನ ಕಾರಿನ ಮುದುಕ ಮುದುಕಿ ಕಂಬಳಿ ಹೊದ್ದು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು, ಆರಾಮಾಗಿ ಇಸ್ಪೀಟು ಆಡುತ್ತಿದ್ದರು. ಚಳಿಗೆ ಅಳುತ್ತಿದ್ದ ನಮ್ಮ ಮಗಳನ್ನು ನೋಡಿ ಒಂದು ಕಂಬಳಿ, ಎರಡು ಸೇಬು ತಂದುಕೊಟ್ಟರು.

"ನೋಡಿದೇನ? ಅವರು ತಯಾರಾಗಿ ಬಂದಾರ," ಅಂದರು ನಮ್ಮ ಮನೆಯವರು. ಆಮೇಲೆ ಮನೆ ಮುಟ್ಟುವವರೆಗೆ ಹಲ್ಲು ಕಚ್ಚಿಕೊಂಡೇ ಗಾಡಿ ಓಡಿಸಿದರು. ಪಾಪ, ಚಳಿ ಹತ್ತಿದೆ ಅಂದುಕೊಂಡೆ. ಹತ್ತಿದ್ದು ಛಲ. ಮುಂದಿನ ತಿಂಗಳು ಕಾರು ಹೋಗಿ, ಅದರ ಜಾಗದಲ್ಲಿ ಹಳೆಯದೊಂದು ಪಿಕಪ್ ಬಂದು ನಿಂತಿತು. ಕೆಲಸದಿಂದ ನಿವೃತ್ತನಾದ ಒಬ್ಬ ಹೆಂಚು ಹೊದಿಸುವವನದು. ಮುಂದೆ ಇಬ್ಬರು, ಹಿಂದೆ ಇಬ್ಬರು ಕೂಡಬಹುದು, ಅದರ ಹಿಂದೆ ಒಂದು ಸಂಸಾರವನ್ನೇ ಹೇರಬಹುದು.

ಆರು ವರ್ಷದ ಓದು

ಗುದ್ದಲಿ, ಹಗ್ಗ, ತಾಡಪತ್ರಿ, ನೀರಿನ ಕ್ಯಾನು, ಪೈಪು, ನಟ್ಟು ಬೋಲ್ಟು ಬಿಗಿಯುವ ದೊಡ್ಡದೊಂದು ಪಾನಾ ಪೆಟ್ಟಿಗೆ. ಒಂದೇ ತಿಂಗಳಲ್ಲಿ ಪಿಕಪ್ ತುಂಬಿತು. ಜರ್ಮನಿಯಲ್ಲಿ ಇಂಥ ಗಾಡಿ ಇಟ್ಟವನು ಎಂಜಿನಿಯರ್ ಎಂದು ಯಾರೂ ನಂಬುವುದಿಲ್ಲ, ಪ್ಲಂಬರ್ ಅಂದುಕೊಳ್ಳುತ್ತಾರೆ. ಒಂದು ಶನಿವಾರ ಬೆಳಿಗ್ಗೆ ಮೂರನೇ ಮಹಡಿಯ ಹೆಂಗಸು ಬಾಗಿಲಿಗೆ ಬಂದು ಏನೇನೋ ಹೇಳಿದಳು. ನಮ್ಮ ಮನೆಯವರ ಜರ್ಮನ್ ಆಗಿನ್ನೂ ಅಂಬೆಗಾಲಿನಲ್ಲಿತ್ತು. ಅವರಿಗೆ ತಿಳಿದದ್ದು "ನೀರು" ಮತ್ತು "ದಯವಿಟ್ಟು" ಎರಡೇ.

"ಪಾಪ, ಆಕೀ ಮನ್ಯಾಗ ನೀರು ನುಗ್ಗಾಕತ್ತೈತಿ," ಎಂದು ಪಾನಾ ಪೆಟ್ಟಿಗೆ ಎತ್ತಿಕೊಂಡು ಓಡಿದರು.

ಆಕೆಯ ಅಡಿಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು, ಅಷ್ಟೇ. ಇವರು ಬಿಗಿ ಮಾಡಿದ ಮೇಲೆ ಸುರಿಯತೊಡಗಿತು. ಇನ್ನೊಮ್ಮೆ ಬಿಗಿ ಮಾಡಿದ ಮೇಲೆ ಚಿಮ್ಮತೊಡಗಿತು. ಕೊನೆಗೆ ನೆಲಮಾಳಿಗೆಗೆ ಓಡಿ, ಅಲ್ಲಿ ಕಂಡ ಅತಿ ದೊಡ್ಡ ಚಕ್ರವನ್ನು ತಿರುಗಿಸಿ ನಿಲ್ಲಿಸಿದರು. ತಲೆಯಿಂದ ಕಾಲಿನವರೆಗೆ ತೊಯ್ದು ಬಂದರೂ ಮುಖದಲ್ಲಿ ಗೆದ್ದ ಕಳೆ ಇತ್ತು. ಹತ್ತು ನಿಮಿಷದಲ್ಲಿ ಹೌಸ್‌ಮೈಸ್ಟರ್ ಬಂದ. ನಮ್ಮ ಕಟ್ಟಡ ನೋಡಿಕೊಳ್ಳುವ ಮನುಷ್ಯ, ನಗುವ ಅಭ್ಯಾಸ ಇಲ್ಲದವನು. ಹನ್ನೆರಡು ಮನೆಗೂ ನೀರಿಲ್ಲ.

"ನೀವು ಈ ಕೆಲಸ ಎಷ್ಟು ವರ್ಷ ಕಲಿತಿರಿ?" ಎಂದು ಕೇಳಿದ.

ಓದಿನ ಬಗ್ಗೆ ಕೇಳುತ್ತಿದ್ದಾನೆ ಅಂದುಕೊಂಡು ಇವರು ಬಿಇ, ಎಂಟೆಕ್ ಎರಡೂ ಕೂಡಿಸಿ "ಆರು ವರ್ಷ" ಅಂದರು.

ಹೌಸ್‌ಮೈಸ್ಟರ್ ಇವರ ತೊಯ್ದ ಅಂಗಿಯನ್ನೂ ಪಾನಾ ಪೆಟ್ಟಿಗೆಯನ್ನೂ ನೋಡಿದ. "ನಮ್ಮಲ್ಲಿ ಮೂರೇ ವರ್ಷ ಕಲಿಯುತ್ತಾರೆ. ಅದಕ್ಕೇ ಇರಬೇಕು, ನಮ್ಮವರಿಗೆ ಬರೀ ನಲ್ಲಿ ಮುಚ್ಚಲು ಬರುತ್ತದೆ. ಇಡೀ ಕಟ್ಟಡ ಮುಚ್ಚಲು ಬರುವುದಿಲ್ಲ."

ಆಪತ್ತಿಗೆ ಮಾತ್ರ

ಪಿಕಪ್ ಆದ ಮೇಲೆ ಕೆಲ್ಲರ್ ಸರದಿ. ಇಲ್ಲಿ ಪ್ರತಿ ಮನೆಗೂ ನೆಲದಡಿ ಒಂದು ಕೋಣೆ ಇರುತ್ತದೆ, ಅದಕ್ಕೆ ಕೆಲ್ಲರ್ ಎನ್ನುತ್ತಾರೆ. ಜನ ಅಲ್ಲಿ ಹಳೆ ಸೈಕಲ್ ಇಡುತ್ತಾರೆ. ನಾವು ಮೂರು ತಿಂಗಳ ಊಟ ಇಟ್ಟೆವು. ಅಕ್ಕಿ, ತೊಗರಿಬೇಳೆ, ಅವಲಕ್ಕಿ, ಊರಿಂದ ತರಿಸಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಪ್ರತಿ ಡಬ್ಬಿಗೂ ನಮ್ಮ ಮನೆಯವರು ಚೀಟಿ ಅಂಟಿಸಿದರು: "ಆಪತ್ತಿಗೆ ಮಾತ್ರ."

ಹೈಡೆಲ್‌ಬರ್ಗ್‌ನಲ್ಲಿ ಸಂಶೋಧನೆ ಮಾಡುತ್ತಿದ್ದ ಇಬ್ಬರು ಹುಡುಗರು, ಒಬ್ಬ ಬಾಗಲಕೋಟೆಯವನು, ಒಬ್ಬ ಮೈಸೂರಿನವನು, ತಿಂಗಳಿಗೊಮ್ಮೆ ರೈಲು ಹತ್ತಿ ನಮ್ಮ ಮನೆಗೆ ಬರುತ್ತಿದ್ದರು. ಒಮ್ಮೆ ಮಡಚುವ ಮಂಚ ತರಲು ಅವರನ್ನು ಕೆಲ್ಲರಿಗೆ ಕಳಿಸಿದೆ. ಮಂಚ ಬರಲಿಲ್ಲ. ಇಳಿದು ನೋಡಿದರೆ ಇಬ್ಬರೂ ಡಬ್ಬಿಗಳ ಎದುರು ಗುಡಿಯಲ್ಲಿ ನಿಂತ ಹಾಗೆ ನಿಂತಿದ್ದರು.

"ಮಗಾ, ಗುರೆಳ್ಳು ಚಟ್ನಿ," ಎಂದು ಮೈಸೂರಿನವನು ಪಿಸುಗುಟ್ಟುತ್ತಿದ್ದ.

"ಚೀಟಿ ಓದ್ರಪ್ಪಾ," ಅಂದೆ.

"ಓದಿದ್ವಿ ಅಕ್ಕಾ," ಅಂದ ಬಾಗಲಕೋಟೆಯವನು. "ಒಂದು ತಿಂಗಳಾತು, ಮೂರು ಹೊತ್ತೂ ಬ್ರೆಡ್ ತಿನ್ನಾಕತ್ತೀವಿ. ಇದಕ್ಕ ನೀವು ಏನಂತೀರಿ?"

ಒಂದು ಡಬ್ಬಿ ಎತ್ತಿಕೊಂಡೆ. ಕೊಟ್ಟೆ. ಮುಂದಿನ ತಿಂಗಳೂ ಕೊಟ್ಟೆ. ನಮ್ಮ ಮನೆಯವರು ಡಬ್ಬಿ ಎಣಿಸುತ್ತಾರೆ, ಮುಚ್ಚಳ ತೆಗೆಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಅವರು ಮುಚ್ಚಿ ತಂದುಕೊಟ್ಟ ಖಾಲಿ ಡಬ್ಬಿಗಳನ್ನು ಹಾಗೇ ಸಾಲಾಗಿ ಇಟ್ಟೆ.

ಆರು ತಿಂಗಳಿಗೆ ಅವರಿಗೆ ಸಾಮಾನು ಹಳಸಿದೆಯೇ ನೋಡುವ ಮನಸ್ಸು ಬಂತು. ಕೆಳಗೆ ಹೋದವರು ಒಂದು ಡಬ್ಬಿ ಹಿಡಿದುಕೊಂಡು ಮೇಲೆ ಬಂದರು. ಡಬ್ಬಿಯ ತಳದಲ್ಲಿ ಒಂದು ಚೀಟಿ ಇತ್ತು. ನಾನೂ ಅದನ್ನು ಆವತ್ತೇ ನೋಡಿದ್ದು. "ಅಣ್ಣಾ, ಆಪತ್ತು ಬಂದಿತ್ತು. ಚಟ್ನಿ ಹಚ್ಚಿಕೊಂಡು ಎದುರಿಸಿದೆವು."

ರಸ್ತೆ ಬದಿಯ ತ್ರಿಕೋನ

ಒಂದು ಭಾನುವಾರ ಸರೋವರ ನೋಡಲು ಹೊರಟಾಗ ಪೊಲೀಸರು ತಡೆದರು. ಮಾಮೂಲಿ ತಪಾಸಣೆ. ಗಾಡಿ ಕೆಟ್ಟರೆ ರಸ್ತೆಯಲ್ಲಿ ನಿಲ್ಲಿಸುವ ಕೆಂಪು ತ್ರಿಕೋನ ಇದೆಯೇ ಎಂದು ಒಬ್ಬ ಕೇಳಿದ.

ಒಂದು ವರ್ಷದಿಂದ ನಮ್ಮ ಮನೆಯವರು ಯಾರಾದರೂ ಹೀಗೆ ಕೇಳಲಿ ಎಂದು ಕಾದಿದ್ದರು. "ಐತಿ, ಎಲ್ಲಾ ಐತಿ," ಎಂದು ಕನ್ನಡದಲ್ಲೇ ಹೇಳಿ ಇಳಿದರು.

ತ್ರಿಕೋನ ಇತ್ತು. ಎಲ್ಲದಕ್ಕೂ ಮೊದಲು ಕೊಂಡದ್ದು ಅದನ್ನೇ, ಹಾಗಾಗಿ ಎಲ್ಲದರ ಅಡಿಯಲ್ಲಿತ್ತು. ಇವರು ಒಂದೊಂದೇ ಇಳಿಸತೊಡಗಿದರು. ಡೇರೆ, ಮಡಚುವ ಕುರ್ಚಿ ನಾಲ್ಕು, ಕಂದೀಲು ಎರಡು, ಪಾತ್ರೆ, ಕಂಬಳಿ, ಮಗಳ ಹಳೆ ತೊಟ್ಟಿಲ ಹಾಸಿಗೆ. "ಪರವಾಗಿಲ್ಲ, ಇದೆ ಅಂದರಲ್ಲ, ಸಾಕು," ಅಂದ ಪೊಲೀಸ್. ಇವರು ಬಿಡಲಿಲ್ಲ. "ಎರಡು ನಿಮಿಷ," ಅಂದರು. ಸಾಮಾನು ರಸ್ತೆ ಬದಿ ಹುಲ್ಲಿನ ಮೇಲೆಲ್ಲ ಹರಡಿತು. ಹೋಗುವ ಕಾರುಗಳು ನಿಧಾನ ಮಾಡತೊಡಗಿದ್ದನ್ನು ಕಂಡು, ಎರಡನೇ ಪೊಲೀಸ್ ತಮ್ಮ ಗಾಡಿಯಿಂದ ತ್ರಿಕೋನ ತೆಗೆದು ನಮ್ಮ ರಾಶಿಯ ಹಿಂದೆ ನಿಲ್ಲಿಸಿದ.

ಅಷ್ಟರಲ್ಲಿ ಒಂದು ಕಾರು ನಿಂತಿತು. ಗಂಡ ಹೆಂಡತಿ ಇಳಿದು ಬಂದು ಕುರ್ಚಿ ಎತ್ತಿ ನೋಡಿದರು, ಕಂದೀಲು ತಿರುವಿ ನೋಡಿದರು. ಆಕೆ ನನ್ನ ಹತ್ತಿರ ಬಂದು, "ಕಂದೀಲು ಎರಡೂ ಒಟ್ಟಿಗೆ ಕೊಳ್ಳಬೇಕಾ, ಬಿಡಿಬಿಡಿಯಾಗಿ ಕೊಡುತ್ತೀರಾ?" ಎಂದು ಕೇಳಿದಳು.

ಪೊಲೀಸ್ ನಮ್ಮ ಮನೆಯವರ ಭುಜ ತಟ್ಟಿದ. "ತ್ರಿಕೋನ ಸಾಕು. ಆದರೆ ಭಾನುವಾರ ಇಲ್ಲಿ ಸಂತೆ ಕೂರಿಸಲು ಪರವಾನಗಿ ಬೇಕು."

ನಾಲ್ಕು ನಿಮಿಷದ ತಾಲೀಮು

ಮೂರನೇ ವರ್ಷ ಅತ್ತೆ ಹುಬ್ಬಳ್ಳಿಯಿಂದ ಬಂದರು. ಮೂರು ತಿಂಗಳು ಇರಲು ಬಂದವರಿಗೆ ಮಗ ಮೊದಲ ವಾರವೇ ತಾಲೀಮು ಇಟ್ಟ. ಸೀಟಿ ಊದಿದ ಕೂಡಲೇ ಎಲ್ಲರೂ ನಾಲ್ಕು ನಿಮಿಷದಲ್ಲಿ ಪಿಕಪ್ ಹತ್ತಿರ ಇರಬೇಕು.

ಸೀಟಿ ಊದಿ, ಕೈಯಲ್ಲಿ ಗಡಿಯಾರ ಹಿಡಿದು ಇವರು ಕೆಳಗೆ ಹೋಗಿ ನಿಂತರು. ಮಗಳು ಒಂದು ನಿಮಿಷಕ್ಕೆ ಇಳಿದಳು. ನಾನು ಒಲೆ ಆರಿಸಿ ಮೂರಕ್ಕೆ ಇಳಿದೆ. ಅತ್ತೆ ಇಳಿದದ್ದು ಹದಿನೇಳನೇ ನಿಮಿಷಕ್ಕೆ, ಇಳಕಲ್ ಸೀರೆ ಉಟ್ಟು, ತಲೆ ಬಾಚಿ, ಕುಂಕುಮ ಇಟ್ಟುಕೊಂಡು.

"ಅವ್ವಾ, ಬೆಂಕಿ ಹತ್ತೇತಿ ಅಂತ ತಿಳ್ಕೊ ಅಂದಿದ್ದೆ," ಅಂದರು ಇವರು.

"ತಿಳ್ಕೊಂಡೇನಿ. ಬೆಂಕಿ ಹತ್ತಿದ್ರ ಓಣಿ ಮಂದಿ ಎಲ್ಲಾ ಬರತಾರ. ಮಾಸಿದ ಸೀರ್ಯಾಗ ಬರ್ಲೇನು?"

ಆಗ ಮಗಳು ಅಪ್ಪನ ಅಂಗಿ ಜಗ್ಗಿ, "ಪಾಪಾ, ಶ್ಲುಸ್ಸೆಲ್?" ಅಂದಳು. ಕನ್ನಡದಲ್ಲಿ ಕೇಳಿದ್ದಕ್ಕೆ ಜರ್ಮನ್‌ನಲ್ಲಿ ಉತ್ತರ ಕೊಡುವುದು ಆಗಲೇ ಅವಳಿಗೆ ರೂಢಿಯಾಗಿತ್ತು. ಶ್ಲುಸ್ಸೆಲ್ ಅಂದರೆ ಬೀಗದ ಕೈ. ಇಲ್ಲಿನ ಬಾಗಿಲುಗಳು ಎಳೆದ ಕೂಡಲೇ ತಾವೇ ಬೀಗ ಹಾಕಿಕೊಳ್ಳುತ್ತವೆ. ಕೀಲಿ ಒಳಗೆ ಮೊಳೆಗೆ ತೂಗುತ್ತಿತ್ತು.

"ಇನ್ನೊಂದು ಕೀಲಿ?" ಎಂದು ಕೇಳಿದೆ.

"ಅದಕ್ಕೇನು, ಪಿಕಪ್ಪಿನಾಗ ಇಟ್ಟೇನಿ."

"ಪಿಕಪ್ಪಿನ ಕೀಲಿ?"

ಅವರು ಮೇಲೆ ನಮ್ಮ ಮನೆಯ ಕಿಟಕಿ ನೋಡಿದರು. "ಎರಡೂ ಮನ್ಯಾಗ ಅದಾವು."

ಮನೆಯ ಕೀಲಿ ಪಿಕಪ್ಪಿನಲ್ಲಿ, ಪಿಕಪ್ಪಿನ ಕೀಲಿ ಮನೆಯಲ್ಲಿ. ಹೌಸ್‌ಮೈಸ್ಟರ್ ಫೋನ್ ಮಾಡಿ ಬೀಗ ತೆಗೆಯುವವನನ್ನು ಕರೆಸಿದ. ಅವನು ಒಂದು ಪ್ಲಾಸ್ಟಿಕ್ ಹಾಳೆಯನ್ನು ಬಾಗಿಲ ಸಂದಿಗೆ ತೂರಿಸಿ ಅರ್ಧ ನಿಮಿಷದಲ್ಲಿ ತೆಗೆದ. ಅತ್ತೆ ಅವನನ್ನು ಮೆಚ್ಚುಗೆಯಿಂದ ನೋಡಿ ನನಗೆ ಹೇಳಿದರು: "ನಿನ್ನ ಗಂಡ ನಾಲ್ಕು ನಿಮಿಷದಾಗ ಹೊರಗ ಹಾಕ್ತಾನ, ಇಂವ ಅರ್ಧ ನಿಮಿಷದಾಗ ಒಳಗ ಹಾಕ್ತಾನ. ಆಪತ್ತಿಗೆ ಇಂವನ್ನ ಇಟ್ಕೊ."

ಬಾಂಬು

ಆ ಮೇಲೆ ಎರಡು ವಾರಕ್ಕೆ ನಿಜವಾದ ಆಪತ್ತು ಬಂತು. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಪೊಲೀಸ್ ಗಾಡಿಯೊಂದು ಧ್ವನಿವರ್ಧಕದಲ್ಲಿ ಕೂಗುತ್ತ ನಮ್ಮ ಬೀದಿಯಲ್ಲಿ ನಿಧಾನವಾಗಿ ಸಾಗಿತು. ನನಗೆ ತಿಳಿದದ್ದು "ಬಾಂಬು" ಒಂದೇ. ಪಕ್ಕದ ಬೀದಿಯಲ್ಲಿ ಹೊಸ ಕಟ್ಟಡಕ್ಕೆ ಪಾಯ ತೋಡುವಾಗ ಮಹಾಯುದ್ಧದ ಕಾಲದ, ಸಿಡಿಯದ ಬಾಂಬು ಸಿಕ್ಕಿತ್ತು. ತಜ್ಞರು ಅದನ್ನು ನಿಷ್ಕ್ರಿಯ ಮಾಡುವವರೆಗೆ ಸುತ್ತಲಿನವರೆಲ್ಲ ಮನೆ ಖಾಲಿ ಮಾಡಿ ಶಾಲೆಯ ಆಟದ ಸಭಾಂಗಣಕ್ಕೆ ಹೋಗಬೇಕು.

ಜರ್ಮನ್ನರಿಗೆ ಇದು ನಮ್ಮೂರಲ್ಲಿ ಕರೆಂಟು ಹೋದ ಹಾಗೆ. ನೆರೆಯವರು ಫ್ಲಾಸ್ಕಿಗೆ ಕಾಫಿ ತುಂಬಿ, ಒಂದೊಂದು ಪುಸ್ತಕ ಹಿಡಿದು ನಡೆದುಹೋದರು. ನನಗೆ ಮಾತ್ರ ಮಗಳಿಗೆ ಬೂಟು ಹಾಕಲು ಹೋದರೆ ಎಡಬಲ ತಿಳಿಯಲಿಲ್ಲ. ಅತ್ತೆಯ ರಕ್ತದೊತ್ತಡದ ಮಾತ್ರೆ ಎಲ್ಲಿ, ಪಾಸ್‌ಪೋರ್ಟ್ ಎಲ್ಲಿ ಒಂದೂ ನೆನಪಾಗಲಿಲ್ಲ. ನಮ್ಮ ಮನೆಯವರು ಬಂದು ನನ್ನ ಕೈ ಹಿಡಿದು, "ಅಂಜಬ್ಯಾಡ. ಎಲ್ಲಾ ಗಾಡ್ಯಾಗ ಐತಿ. ಮಾತ್ರಿನೂ ಐತಿ, ಪಾಸ್‌ಪೋರ್ಟೂ ಐತಿ," ಅಂದರು. ನಿಜಕ್ಕೂ ಇದ್ದವು. ಮೂರು ವರ್ಷದಲ್ಲಿ ಮೊದಲ ಸಲ ಆ ಪಿಕಪ್ ಕಂಡು ನನಗೆ ಕಣ್ಣು ತುಂಬಿ ಬಂತು.

ಪಿಕಪ್ಪಿನಲ್ಲಿ ಹೋಗಿ ಅದನ್ನು ಹೊರಗೆ ನಿಲ್ಲಿಸಿ ಇಳಿದರೆ, ಸಭಾಂಗಣದಲ್ಲಿ ಸ್ವಯಂಸೇವಕರು ಬಟಾಣಿ ಸೂಪು ಹಂಚುತ್ತಿದ್ದರು. ಸೂಪಿನಲ್ಲಿ ಮಾಂಸದ ತುಂಡು ತೇಲುತ್ತಿತ್ತು. ಅತ್ತೆ ಬಟ್ಟಲು ಹಾಗೇ ವಾಪಸು ಕೊಟ್ಟರು. ಅದನ್ನು ನೋಡಿದ್ದೇ ನಮ್ಮ ಮನೆಯವರು ಹೊರಗೆ ಹೋಗಿ, ಪಿಕಪ್ಪಿನ ಹಿಂಬಾಗಿಲು ಇಳಿಸಿ, ಒಲೆ ಹೂಡಿ, ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದರು. ಅತ್ತೆಗೂ ಮಗಳಿಗೂ ಕೊಟ್ಟ ಮೇಲೆ, ವಾಸನೆ ಹಿಡಿದು ಬಂದ ನಾಲ್ಕು ಅಜ್ಜಿಯರಿಗೂ ಕೊಟ್ಟರು. ಹೌಸ್‌ಮೈಸ್ಟರ್ ಎರಡು ಸಲ ಹಾಕಿಸಿಕೊಂಡ.

ಕೊನೆಗೆ ಬಂದವನು ಅಗ್ನಿಶಾಮಕ ದಳದ ಅಧಿಕಾರಿ. ಅವನಿಗೂ ಒಂದು ತಟ್ಟೆ ಚಾಚಿದರು. ಅವನು ತಟ್ಟೆ ತೆಗೆದುಕೊಳ್ಳದೆ, "ಈ ಒಲೆಗೆ ಏನು ಹಾಕುತ್ತೀರಿ?" ಎಂದು ಕೇಳಿದ.

"ಗ್ಯಾಸ್," ಅಂದರು ಇವರು. "ಒಂದು ಮುಗಿದರೆ ಅಂತ ಇನ್ನೂ ಮೂರು ಸಿಲಿಂಡರ್ ಇಟ್ಟಿದ್ದೇನೆ."

ಅಧಿಕಾರಿ ಒಂದು ಹೆಜ್ಜೆ ಹಿಂದೆ ಸರಿದ. "ಆ ಕ್ಯಾನುಗಳಲ್ಲಿ ನೀರೇ?"

"ಎಡಗಡೆಯದು ನೀರು. ಬಲಗಡೆಯದು ಪೆಟ್ರೋಲ್."

ಇನ್ನೊಂದು ಹೆಜ್ಜೆ. "ಆ ಬಾಟಲಿ?"

"ಸ್ಪಿರಿಟ್. ಗಾಯ ತೊಳೆಯಲು."

"ಆ ಕೆಂಪು ಪೆಟ್ಟಿಗೆ?"

"ದೋಣಿಯವರು ಅಪಾಯದಲ್ಲಿ ಹಾರಿಸುತ್ತಾರಲ್ಲ, ಆ ಬೆಂಕಿ ಬಾಣಗಳು," ಅಂದರು ಇವರು. ಈ ಹೊತ್ತಿಗೆ ಅವನು ದೂರ ಹೋಗಿದ್ದರಿಂದ ಸ್ವಲ್ಪ ಕೂಗಿಯೇ ಹೇಳಬೇಕಾಯಿತು.

"ಸಮುದ್ರ ಇಲ್ಲಿಂದ ಬಹಳ ದೂರ," ಅಂದ ಅಧಿಕಾರಿ.

"ಗೊತ್ತು. ಮುಂಜಾಗ್ರತೆ."

ಅಧಿಕಾರಿ ವೈರ್‌ಲೆಸ್ಸಿನಲ್ಲಿ ಮೆಲ್ಲಗೆ ಏನೋ ಹೇಳಿದ. ಐದು ನಿಮಿಷದಲ್ಲಿ ಅದೇ ಧ್ವನಿವರ್ಧಕದ ಗಾಡಿ ಬಂತು. ಸಭಾಂಗಣದಲ್ಲಿರುವವರೆಲ್ಲ ದಯವಿಟ್ಟು ಮೈದಾನದ ಆ ತುದಿಗೆ ಹೋಗಬೇಕು, ಗಾಬರಿಯಾಗಬಾರದು ಎಂದು ಕೂಗಿತು. ಒಲೆ ಆರಿಸಿ, ನಮ್ಮ ಪಿಕಪ್ಪಿನ ಸುತ್ತ ಕೆಂಪು ಬಿಳಿ ಪಟ್ಟಿ ಕಟ್ಟಿದರು. ಕಾಫಿ ಫ್ಲಾಸ್ಕು, ಪುಸ್ತಕ, ಸೂಪಿನ ಬಟ್ಟಲು, ಅರ್ಧ ತಿಂದ ಉಪ್ಪಿಟ್ಟು ಹಿಡಿದುಕೊಂಡು ಇಡೀ ಬಡಾವಣೆ ಮೈದಾನ ದಾಟಿತು. ಹಾದುಹೋಗುವಾಗ ಒಬ್ಬೊಬ್ಬರೂ ನಮ್ಮನ್ನು ನೋಡಿ ತಲೆ ಅಲ್ಲಾಡಿಸಿದರು.

ಮುಕ್ಕಾಲು ತಾಸಿಗೆ ಸುದ್ದಿ ಬಂತು. ಬಾಂಬು ನಿಷ್ಕ್ರಿಯವಾಯಿತು, ಎಲ್ಲರೂ ಮನೆಗೆ ಹೋಗಬಹುದು. ಜನ ಚಪ್ಪಾಳೆ ತಟ್ಟಿ ಮನೆಗೆ ಹೊರಟರು. ನಾವು ಹೋಗುವಂತಿರಲಿಲ್ಲ. ದಪ್ಪ ಕೈಗವಸು ತೊಟ್ಟ ಇಬ್ಬರು ಇನ್ನೂ ನಮ್ಮ ಪಿಕಪ್ಪಿನಿಂದ ಸಾಮಾನನ್ನು ಒಂದೊಂದಾಗಿ, ಉಸಿರು ಬಿಗಿಹಿಡಿದು ಇಳಿಸುತ್ತಿದ್ದರು. ನಮ್ಮ ಮನೆಯವರು ಪಟ್ಟಿಯ ಈಚೆ ನಿಂತು, ಯಾವುದರಲ್ಲಿ ಏನಿದೆ ಎಂದು ವಿವರಿಸುತ್ತಿದ್ದರು.

ಅತ್ತೆ ಮೈದಾನದ ಬೆಂಚಿನ ಮೇಲೆ ಕೂತು ಎರಡು ತಾಸು ಇದನ್ನೆಲ್ಲ ನೋಡಿದರು. ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿ, ಬಹಳ ಶಾಂತವಾಗಿ ಹೇಳಿದರು:

"ಮನ್ಯಾಗ ಆ ಬಾಂಬಿನ ಬಾಜೂಕ ಕುಂತಿದ್ರ ಇಷ್ಟೊತ್ತಿಗೆ ಊಟ ಆಗಿ, ಒಂದು ನಿದ್ದಿನೂ ಮುಗೀತಿತ್ತು."